ಗುಜರಿಯಾದ ಮೋಟಾರ್ ಸೈಕಲ್ಲಿಗೆ ನ್ಯಾಯವಾದ ಬೆಲೆ

ದಾವಣಗೆರೆ ಮತ್ತು ಹರಿಹರದ ನಡುವಿನ ಸುಮಾರು 14 ಕಿಲೋಮೀಟರ್ ರಸ್ತೆಯಲ್ಲಿ ದಿನವೂ ಸಾಗುವ ದ್ವಿಚಕ್ರ ವಾಹನಗಳನ್ನು ಗಮನಿಸಿದವರಿಗೆ ಈ ಎರಡು ಊರುಗಳ ವ್ಯಾಪಾರ ಎಷ್ಟರಮಟ್ಟಿಗೆ ಅವುಗಳನ್ನು ಅವಲಂಬಿಸಿದೆ ಎಂಬುದು ತಿಳಿಯದಿರದು. ವಸೂಲಿ ಗುಮಾಸ್ತರು, ಔಷಧ ವಿತರಕರ ಪ್ರತಿನಿಧಿಗಳು, ಗಿರಣಿಯ ನೌಕರರು, ವರ್ಕ್‌ಷಾಪಿನ ಮೆಕ್ಯಾನಿಕ್‌ಗಳು, ಎಲ್ಲರ ಜೀವನೋಪಾಯವೂ ಆ ಎರಡು ಚಕ್ರಗಳ ಮೇಲೆಯೇ ಉರುಳುತ್ತಿರುತ್ತದೆ. ಲಾರಿಯ ವಿಮೆಯ ವಿಷಯದಲ್ಲಿ ವರ್ತಕರು ತೋರುವ ಎಚ್ಚರವನ್ನು ಬೈಕಿನ ವಿಮೆಯ ವಿಷಯದಲ್ಲಿ ತೋರುವುದಿಲ್ಲ. ಅಪಘಾತದಲ್ಲಿ ವಾಹನ ಪೂರ್ಣ ಜಖಂಗೊಂಡು, ಗ್ಯಾರೇಜಿನವರ ಭಾಷೆಯಲ್ಲಿ ‘ಟೋಟಲ್ ಲಾಸ್’ ಆದಾಗ, ಮಾಲೀಕನು ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ವಿಮಾ ಕಂಪನಿಯ ಒಂದು ಮೊಬಲಗು ಸಿದ್ಧವಾಗಿರುತ್ತದೆ. ಅದನ್ನು ಒಪ್ಪಬೇಕೇ, ಬೇಡವೇ ಎಂದು ಹೇಳುವವರು ಯಾರೂ ಇರುವುದಿಲ್ಲ.

ಅನೇಕರು ಭಾವಿಸಿರುವಂತೆ ಈ ಮೊಬಲಗು ಕಂಪನಿಯ ಔದಾರ್ಯವನ್ನಾಗಲಿ ಸರ್ವೇಯರನ ಮರ್ಜಿಯನ್ನಾಗಲಿ ಅವಲಂಬಿಸಿದ್ದಲ್ಲ. ಪಾಲಿಸಿಯ ಮೊದಲ ಪುಟದಲ್ಲಿ ಐ.ಡಿ.ವಿ. ಎಂಬ ಶೀರ್ಷಿಕೆಯಡಿ ಮುದ್ರಿತವಾಗಿರುವ ಅಂಕಿಯೇ ಅದರ ತಳಹದಿ. 2002ರ ಅಖಿಲ ಭಾರತ ಮೋಟಾರು ಸುಂಕಪಟ್ಟಿಯು ಈ ಅಂಕಿಯನ್ನು ನಿರ್ಧರಿಸುವ ಕ್ರಮವನ್ನು ಸ್ಪಷ್ಟಪಡಿಸಿತು. ವಿಮೆ ಆರಂಭವಾಗುವ ಅಥವಾ ನವೀಕರಣಗೊಳ್ಳುವ ದಿನದಂದು ತಯಾರಕರು ಪ್ರಕಟಿಸಿರುವ ಮಾರಾಟ ಬೆಲೆಯಿಂದ ವಾಹನದ ವಯಸ್ಸಿಗೆ ಅನುಗುಣವಾಗಿ ಸವಕಳಿಯನ್ನು ಕಳೆಯಬೇಕು. ಆರು ತಿಂಗಳೊಳಗಿನ ವಾಹನಕ್ಕೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡು ವರ್ಷದವರೆಗೆ ಶೇ. 20, ಅನಂತರ ವರ್ಷಕ್ಕೆ ಹತ್ತರಂತೆ ಏರಿ ಐದನೆಯ ವರ್ಷದಲ್ಲಿ ಶೇ. 50. ಐದು ವರ್ಷ ಮೀರಿದ ವಾಹನಕ್ಕೆ ಉಭಯತರು ಒಪ್ಪಿದ ಬೆಲೆ. 2007ರ ಜನವರಿ 1ರಿಂದ ವಿಮಾ ದರಗಳು ಸುಂಕಪಟ್ಟಿಯ ಹಿಡಿತದಿಂದ ಬಿಡುಗಡೆಗೊಂಡವು. ಆದರೂ ಈ ಕ್ರಮವು ಬಹುತೇಕ ಪಾಲಿಸಿಗಳಲ್ಲಿ ಉಳಿದುಬಂದಿದೆ. ಅದರೊಂದಿಗೆ ಉಳಿದುಬಂದಿರುವ ಇನ್ನೊಂದು ವಾಕ್ಯವಂತೂ ಪ್ರತಿಯೊಬ್ಬ ಪಾಲಿಸಿದಾರನೂ ಕೆಂಪು ಶಾಯಿಯಿಂದ ಗೆರೆ ಎಳೆದಿಟ್ಟುಕೊಳ್ಳಬೇಕಾದದ್ದು. ಪೂರ್ಣ ನಷ್ಟದ ಕ್ಲೇಮಿನಲ್ಲಿ ಐ.ಡಿ.ವಿ.ಯನ್ನೇ ಪಾಲಿಸಿಯ ಅವಧಿಯುದ್ದಕ್ಕೂ ಮಾರುಕಟ್ಟೆ ಬೆಲೆ ಎಂದು ಪರಿಗಣಿಸತಕ್ಕದ್ದು, ಮತ್ತೆ ಸವಕಳಿ ಕಳೆಯತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ.

ಹೀಗಿರುವಾಗ, ‘ನಿಮ್ಮ ಬೈಕಿಗೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇಷ್ಟು ಬೆಲೆ ಇಲ್ಲ’ ಎಂಬ ವಾದವನ್ನು ಕೇಳಿ ಸುಮ್ಮನಾಗುವ ಅಗತ್ಯವಿಲ್ಲ. ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಇದನ್ನೇ ಹೇಳಿದೆ. ಅಲ್ಲಿ ವಾಹನವನ್ನು ರೂ. 3,54,000ಕ್ಕೆ ವಿಮೆ ಮಾಡಿ ಅದಕ್ಕೆ ತಕ್ಕ ಪ್ರೀಮಿಯಂ ಪಡೆದಿದ್ದ ಕಂಪನಿಯು ಅಪಘಾತದ ನಂತರ ಬೆಲೆಯನ್ನು ಕುಗ್ಗಿಸಲು ಹೊರಟಿತ್ತು. ಪ್ರೀಮಿಯಂ ಪಡೆಯುವಾಗ ಒಪ್ಪಿಕೊಂಡ ಬೆಲೆಗೆ ಕಂಪನಿಯು ಬದ್ಧವಾಗಿರಬೇಕೆಂದು ನ್ಯಾಯಾಲಯ ಹೇಳಿತು. ವ್ಯಾಪಾರಸ್ಥರಿಗೆ ಇದು ಹೊಸ ನೀತಿಯೇನಲ್ಲ. ತೂಕ ಹಾಕುವಾಗ ಒಂದು ಕಲ್ಲು, ಹಣ ಕೊಡುವಾಗ ಇನ್ನೊಂದು ಕಲ್ಲು ಇಟ್ಟುಕೊಂಡವನಿಗೆ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿಯೂ ಮರ್ಯಾದೆ ಇಲ್ಲ.

ಆದರೆ ನಿಜವಾದ ಜಗಳ ಐ.ಡಿ.ವಿ.ಯ ಮೇಲೆ ನಡೆಯುವುದು ಅಪರೂಪ. ಅದು ನಡೆಯುವುದು ಎರಡು ಕಡೆ: ವಾಹನ ಪೂರ್ಣ ನಷ್ಟವೋ ಅಲ್ಲವೋ ಎಂಬಲ್ಲಿ ಮತ್ತು ಗುಜರಿಯ ಬೆಲೆ ಎಷ್ಟು ಎಂಬಲ್ಲಿ.

ಒಂದು ಉದಾಹರಣೆಯನ್ನು ನೋಡಬಹುದು. ಹರಿಹರದ ಒಬ್ಬ ವಸೂಲಿ ಗುಮಾಸ್ತನ ಮೋಟಾರ್ ಸೈಕಲ್ಲಿನ ಪ್ರಕಟಿತ ಬೆಲೆ ರೂ. 90,000 ಎಂದೂ, ನವೀಕರಣದ ದಿನ ಅದಕ್ಕೆ ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿತ್ತೆಂದೂ ಇಟ್ಟುಕೊಂಡರೆ, ಶೇ. 40 ಸವಕಳಿ ಕಳೆದು ಐ.ಡಿ.ವಿ. ರೂ. 54,000 ಆಗುತ್ತದೆ. ದುರಸ್ತಿಯ ಮತ್ತು ವಾಹನವನ್ನು ಸಾಗಿಸಿ ತರುವ ವೆಚ್ಚ ಐ.ಡಿ.ವಿ.ಯ ಶೇ. 75ನ್ನು ಮೀರಿದರೆ ಅದನ್ನು ಪೂರ್ಣ ನಷ್ಟಕ್ಕೆ ಸಮಾನವೆಂದು ಪರಿಗಣಿಸಬೇಕೆಂಬುದು ನಿಯಮ. ಇಲ್ಲಿ ಆ ಗಡಿ ರೂ. 40,500. ಗ್ಯಾರೇಜಿನ ಅಂದಾಜು ಪಟ್ಟಿ ರೂ. 46,000 ಎನ್ನುತ್ತದೆ. ಸರ್ವೇಯರನು ಅದರಲ್ಲಿ ಕೆಲವು ಬಾಬ್ತುಗಳನ್ನು ಹೊಡೆದುಹಾಕಿ ರೂ. 39,500ಕ್ಕೆ ಇಳಿಸುತ್ತಾನೆ. ಗಡಿಗೆ ಒಂದು ಸಾವಿರ ಕಡಿಮೆಯಾದೊಡನೆ ಕ್ಲೇಮಿನ ಸ್ವರೂಪವೇ ಬದಲಾಗಿಬಿಡುತ್ತದೆ. ದುರಸ್ತಿಯ ಕ್ಲೇಮಿನಲ್ಲಿ ಬಿಡಿಭಾಗಗಳಿಗೆ ಪ್ರತ್ಯೇಕ ಸವಕಳಿ ಉಂಟು. ಈ ವಯಸ್ಸಿನ ವಾಹನದ ಲೋಹದ ಭಾಗಗಳಿಗೆ ಶೇ. 25, ರಬ್ಬರು, ಪ್ಲಾಸ್ಟಿಕ್, ಟೈರು ಮತ್ತು ಬ್ಯಾಟರಿಗೆ ಶೇ. 50. ಲೋಹದ ಭಾಗ ರೂ. 20,000, ಪ್ಲಾಸ್ಟಿಕ್ ಮತ್ತು ರಬ್ಬರಿನದು ರೂ. 12,000, ಕೂಲಿ ರೂ. 7,500 ಎಂದಾದರೆ ಕಂಪನಿಯು ಕೊಡುವುದು ರೂ. 28,500 ಮಾತ್ರ. ಗ್ಯಾರೇಜಿನ ಬಿಲ್ಲು ರೂ. 46,000ವೇ ಆದಲ್ಲಿ ಉಳಿದ ರೂ. 17,500 ಗುಮಾಸ್ತನ ಜೇಬಿನಿಂದ ಹೋಗುತ್ತದೆ. ಅವನಿಗೆ ದಕ್ಕುವುದು ಫ್ರೇಮು ಬಾಗಿ ನೆಟ್ಟಗೆ ಮಾಡಿಸಿದ ಒಂದು ಗಾಡಿ.

ಆದ್ದರಿಂದ ಮಾತುಕತೆಯ ಮೊದಲ ಹೆಜ್ಜೆ ಸರ್ವೇ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳುವುದು, ಮತ್ತು ಯಾವ ಬಾಬ್ತನ್ನು ಯಾವ ಕಾರಣಕ್ಕೆ ಬಿಡಲಾಗಿದೆ ಎಂದು ಸಾಲು ಸಾಲಾಗಿ ತಾಳೆ ನೋಡುವುದು. ಫ್ರೇಮು, ಫೋರ್ಕು, ಕ್ರ್ಯಾಂಕ್ ಕೇಸುಗಳನ್ನು ಬದಲಿಸಬೇಕೋ ಸರಿಪಡಿಸಿದರೆ ಸಾಕೋ ಎಂಬ ಒಂದೇ ಪ್ರಶ್ನೆಯ ಮೇಲೆ ಹತ್ತಾರು ಸಾವಿರ ರೂಪಾಯಿ ನಿಂತಿರುತ್ತದೆ. ಅಧಿಕೃತ ಡೀಲರನ ವರ್ಕ್‌ಷಾಪಿನಿಂದ, ಫ್ರೇಮಿನ ಸುರಕ್ಷತೆಯ ಬಗ್ಗೆ ಸಹಿ ಮತ್ತು ಮೊಹರಿನೊಂದಿಗೆ ಒಂದು ಪತ್ರ ಪಡೆದು ಲಗತ್ತಿಸಿದರೆ ವಾದಕ್ಕೆ ಬಲ ಬರುತ್ತದೆ. ಸರ್ವೇಯರನ ವರದಿಯೇ ಅಂತಿಮವೆಂದು ಎದೆಗುಂದಬೇಕಾಗಿಲ್ಲ. ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ನಡುವಣ ಪ್ರಕರಣದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವರದಿ ಇತ್ಯರ್ಥಕ್ಕೆ ಆಧಾರವಾಗಬಹುದೇ ಹೊರತು ಅದು ವಿಮಾ ಕಂಪನಿಯನ್ನಾಗಲಿ ವಿಮೆದಾರನನ್ನಾಗಲಿ ಕಟ್ಟಿಹಾಕುವುದಿಲ್ಲ ಎಂದಿದೆ. 1938ರ ವಿಮಾ ಕಾಯ್ದೆಯೂ ಸರ್ವೇಯರನು ನಿರ್ಧರಿಸಿದ್ದಕ್ಕಿಂತ ಬೇರೆ ಮೊಬಲಗಿಗೆ ಇತ್ಯರ್ಥ ಮಾಡುವ ಅಧಿಕಾರವನ್ನು ಕಂಪನಿಗೆ ಉಳಿಸಿದೆ.

ಗುಜರಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಪೂರ್ಣ ನಷ್ಟದಲ್ಲಿ ಕಂಪನಿಯ ಹೊಣೆ ಐ.ಡಿ.ವಿ.ಯಲ್ಲಿ ಗುಜರಿಯ ಬೆಲೆ ಕಳೆದು ಉಳಿದಷ್ಟು. ಪಾಲಿಸಿಯಲ್ಲಿ ನಮೂದಿಸಿದ ಕಡ್ಡಾಯ ಕಡಿತವೂ ಇದರಲ್ಲಿ ಹೋಗುತ್ತದೆ. ಮೇಲಿನ ಗುಮಾಸ್ತನಿಗೆ ‘ಗುಜರಿ ರೂ. 20,000 ಬಾಳುತ್ತದೆ, ಅದನ್ನು ನೀವೇ ಇಟ್ಟುಕೊಳ್ಳಿ, ರೂ. 34,000 ತೆಗೆದುಕೊಳ್ಳಿ’ ಎಂದು ಹೇಳಲಾಯಿತೆನ್ನೋಣ. ಅವನು ಅದನ್ನು ಪೇಟೆಗೆ ಒಯ್ದರೆ ರೂ. 11,000ಕ್ಕಿಂತ ಮೇಲೆ ಕೇಳುವವರಿಲ್ಲ. ಕಾಗದದ ಮೇಲೆ ರೂ. 54,000 ಪೂರ್ಣ ಸಂದಾಯವಾದಂತೆ ಕಂಡರೂ ಒಂಬತ್ತು ಸಾವಿರ ಎಲ್ಲಿಯೋ ಕರಗಿರುತ್ತದೆ. ಇದಕ್ಕೆ ಉತ್ತರ ಬಹಳ ಸರಳ. ಆ ಬೆಲೆಯನ್ನು ಯಾರು, ಯಾವ ದಿನ, ಯಾವ ಹರಾಜಿನಲ್ಲಿ ಕೂಗಿದರು ಎಂಬುದನ್ನು ಲಿಖಿತವಾಗಿ ಕೇಳಬೇಕು. ಆ ಬೆಲೆಗೆ ಅವರೇ ವಾಹನವನ್ನು ಒಯ್ಯಲಿ ಎನ್ನಬೇಕು. ಕೊಳ್ಳುವವನಿಲ್ಲದ ಬೆಲೆ ಬೆಲೆಯೇ ಅಲ್ಲ ಎಂಬುದನ್ನು ದಾವಣಗೆರೆಯ ಹತ್ತಿ ಪೇಟೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಸ್ಥಳೀಯ ಗುಜರಿ ವ್ಯಾಪಾರಿಗಳಿಂದ ಎರಡು ಮೂರು ಲಿಖಿತ ಕೊಟೇಶನ್ ಪಡೆದು ಸಲ್ಲಿಸಿದಲ್ಲಿ ಕಂಪನಿಯ ಅಂಕಿ ಕೆಳಗಿಳಿಯುವ ಸಾಧ್ಯತೆಯೇ ಹೆಚ್ಚು.

ವಿಮಾ ಕಂಪನಿಗಳ ಕಡೆಯಿಂದಲೂ ಹೇಳುವುದಿದೆ. ಹಳೆಯ ಗೀರುಗಳನ್ನೂ ಹೊಸ ಅಪಘಾತದ ಲೆಕ್ಕಕ್ಕೆ ಸೇರಿಸುವ ಅಂದಾಜು ಪಟ್ಟಿಗಳು ಅವರ ಮೇಜಿಗೆ ಬರುವುದು ಸುಳ್ಳಲ್ಲ. ಇನ್ನು ವಾಹನ ಮಾಲೀಕರ ಉಳಿತಾಯದ ಬುದ್ಧಿ. ನವೀಕರಣದ ಸಮಯದಲ್ಲಿ ಐ.ಡಿ.ವಿ.ಯನ್ನು ಹತ್ತು ಸಾವಿರ ಇಳಿಸಿ ಪ್ರೀಮಿಯಂ ಉಳಿಸಿದೆವೆಂದು ಹಿಗ್ಗುವವರಿದ್ದಾರೆ. ಹಳೆಯ ಸುಂಕಪಟ್ಟಿಯಲ್ಲಿ ಸಾಮಾನ್ಯ ಬೈಕಿನ ಸ್ವಂತ ಹಾನಿಯ ದರ ಶೇ. 1.7ರ ಆಸುಪಾಸಿನಲ್ಲಿತ್ತು. ಆ ದರದಲ್ಲಿ ಹತ್ತು ಸಾವಿರಕ್ಕೆ ಉಳಿಯುವುದು ನೂರೆಪ್ಪತ್ತು ರೂಪಾಯಿ, ಅಂದರೆ ಮನೆಮಂದಿಯೆಲ್ಲ ಒಮ್ಮೆ ಬೆಣ್ಣೆ ದೋಸೆ ತಿನ್ನುವ ಖರ್ಚೂ ಅಲ್ಲ.

ಇದಕ್ಕಿಂತ ಗಂಭೀರವಾದ ತಪ್ಪು ತಿಳಿವಳಿಕೆಯೊಂದು ವ್ಯಾಪಕವಾಗಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ‘ಐದು ವರ್ಷ ಇನ್ಶೂರೆನ್ಸ್ ಇದೆ’ ಎಂದು ನೆಮ್ಮದಿಯಿಂದಿರುವ ಅನೇಕರಿಗೆ ಅದು ಎದುರು ಪಕ್ಷದವರಿಗೆ ಮಾತ್ರ ಎಂಬುದೂ, ಸ್ವಂತ ವಾಹನದ ಹಾನಿಯ ವಿಮೆ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ ಎಂಬುದೂ ತಿಳಿಯುವುದು ಅಪಘಾತದ ನಂತರವೇ. ಅಂಥವರಿಗೆ ಮಾತುಕತೆಗೆ ಅವಕಾಶವೇ ಇಲ್ಲ. ನೌಕರರ ಬೈಕುಗಳನ್ನು ವ್ಯವಹಾರಕ್ಕೆ ಬಳಸಿಕೊಳ್ಳುವ ಅಂಗಡಿ ಮಾಲೀಕರು ವರ್ಷಕ್ಕೊಮ್ಮೆ ಆ ಪಾಲಿಸಿಗಳನ್ನು ತರಿಸಿ ನೋಡುವುದು ಅವರ ನೈತಿಕ ಹೊಣೆ ಎಂದೇ ಹೇಳಬೇಕಾಗುತ್ತದೆ. ಹಾಗೆ ನೋಡುವಾಗ ಬಳಕೆಯ ಮಿತಿಯ ಷರತ್ತನ್ನೂ ಓದಬೇಕು. ಮಾದರಿ ಸರಕು ಮತ್ತು ಸ್ವಂತ ಲಗೇಜಿನ ಹೊರತು ಸರಕು ಸಾಗಣೆಗೆ ದ್ವಿಚಕ್ರ ವಾಹನದ ಸಾಮಾನ್ಯ ಪಾಲಿಸಿ ಅನ್ವಯಿಸುವುದಿಲ್ಲ. ಮಂಡಕ್ಕಿ ಚೀಲಗಳನ್ನು ಕಟ್ಟಿಕೊಂಡು ಹೋಗುವಾಗ ಅಪಘಾತವಾದರೆ ಕಂಪನಿಗೆ ಒಂದು ನೆಪ ಸಿಕ್ಕಂತಾಗುತ್ತದೆ. ಇಂಥ ಷರತ್ತು ಉಲ್ಲಂಘನೆಯಲ್ಲಿಯೂ ಕ್ಲೇಮನ್ನು ಪೂರ್ತಿ ತಳ್ಳಿಹಾಕದೆ ಶೇ. 75ರವರೆಗೆ ಇತ್ಯರ್ಥ ಮಾಡಬಹುದೆಂಬ ಮಾರ್ಗವನ್ನು 2010ರ ಅಮಲೇಂದು ಸಾಹು ತೀರ್ಪು ಎತ್ತಿಹಿಡಿದಿದೆ ಎಂಬುದು ತಿಳಿದಿರಲಿ.

2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಪ್ರಕಟಿತ ಬೆಲೆ ಇಳಿದಂತೆ ನವೀಕರಣದ ಐ.ಡಿ.ವಿ.ಯೂ ಇಳಿಯುತ್ತದೆ. ಹೊಸ ಬೈಕೂ ಅಗ್ಗವಾಗಿರುವುದರಿಂದ ಇದನ್ನು ಅನ್ಯಾಯವೆನ್ನಲಾಗದು. ಹಳೆಯ ಬೆಲೆಗೆ ಸಾಲ ಮಾಡಿ ಕೊಂಡವರ ಸ್ಥಿತಿ ಮಾತ್ರ ಬೇರೆ. ಪರಿಹಾರದ ಹಣ ಮೊದಲು ಫೈನಾನ್ಸ್ ಕಂಪನಿಗೆ ಹೋಗುತ್ತದೆ, ಬಾಕಿ ಉಳಿದರೆ ಇಲ್ಲದ ಗಾಡಿಗೆ ಕಂತು ಕಟ್ಟಬೇಕಾಗುತ್ತದೆ. ಸಂಸ್ಥೆಯ ಹೆಸರಿನಲ್ಲಿರುವ ಬೈಕಾದರೆ ಬಂದ ಪರಿಹಾರವನ್ನು ಆದಾಯವೆಂದು ಬರೆಯದೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಬಂಧಿಸಿದ ಆಸ್ತಿ ಸಮೂಹದ ಇಳಿಕೆ ಮೌಲ್ಯದಿಂದ ಕಳೆಯಬೇಕೆಂಬುದನ್ನು ಲೆಕ್ಕ ಬರೆಯುವವರು ಮರೆಯಬಾರದು.

ಕಂಪನಿ ಒಪ್ಪದಿದ್ದಲ್ಲಿ ಮೊದಲು ಅದರ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ಆನ್‌ಲೈನ್ ಮೂಲಕವೂ ದೂರು ಸಲ್ಲಿಸಬಹುದು. ಇಲ್ಲವಾದರೆ ದಾವಣಗೆರೆಯಲ್ಲಿಯೇ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷದೊಳಗೆ ದೂರು ಹೂಡಬಹುದು. ರೂ. 34,000ಕ್ಕೂ 54,000ಕ್ಕೂ ನಡುವಣ ವ್ಯತ್ಯಾಸಕ್ಕಾಗಿ ಯಾರು ಅಲೆಯುತ್ತಾರೆ ಎಂಬ ಪ್ರಶ್ನೆ ಸಹಜ. ಆ ವ್ಯತ್ಯಾಸ ಒಬ್ಬ ಗುಮಾಸ್ತನ ಒಂದು ತಿಂಗಳ ಸಂಬಳವಿರಬಹುದು ಎಂಬುದನ್ನು ಯೋಚಿಸಿದರೆ, ವಾಣಿಜ್ಯ ಸಂಸ್ಥೆಗಳು ಇಂಥವರಿಗೆ ಪತ್ರ ಬರೆದುಕೊಡಲು ತಿಂಗಳಿಗೆ ಒಂದು ಸಂಜೆಯನ್ನು ಮೀಸಲಿಡುವುದು ದೊಡ್ಡ ತ್ಯಾಗವೇನಲ್ಲ. ಪೂರ್ಣ ಇತ್ಯರ್ಥವೆಂದು ಬರೆದ ರಸೀದಿಗೆ ಆತುರದಲ್ಲಿ ಸಹಿ ಹಾಕಿದವರು ಮೊದಲು ಅಲ್ಲಿಗೆ ಬರಲಿ. ಒತ್ತಾಯ ಅಥವಾ ವಂಚನೆಯಿಂದ ಪಡೆದ ಅಂಥ ಸಹಿ ಗ್ರಾಹಕನ ಹಕ್ಕನ್ನು ಕಸಿಯದೆಂದು 1999ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ಅದನ್ನು ಸಾಬೀತುಪಡಿಸುವ ಭಾರ ಸಹಿ ಹಾಕಿದವನದೇ.

ಕೊನೆಯದಾಗಿ ಆರ್.ಸಿ. ಪುಸ್ತಕದ ವಿಷಯ. ವಾಹನ ಶಾಶ್ವತವಾಗಿ ನಿರುಪಯುಕ್ತವಾದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೆಯ ಕಲಮು ಹೇಳುತ್ತದೆ. ಕೆ.ಎ.-17ರ ಗಾಡಿಯ ಗುಜರಿಯನ್ನು ಯಾರೋ ಕೊಂಡು, ಜೋಡಿಸಿ, ರಸ್ತೆಗಿಳಿಸಿ ಅಪಘಾತ ಮಾಡಿದರೆ ನ್ಯಾಯಾಲಯ ಕೇಳುವುದು ನೋಂದಾಯಿತ ಮಾಲೀಕನನ್ನೇ. 2018ರ ನವೀನ್ ಕುಮಾರ್ ತೀರ್ಪು ಈ ಬಗ್ಗೆ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಗುಜರಿಯನ್ನು ಕಂಪನಿಯ ಖರೀದಿದಾರನಿಗೆ ಒಪ್ಪಿಸಿದರೂ, ತಾನೇ ಮಾರಿದರೂ, ನೋಂದಣಿ ರದ್ದತಿ ಅಥವಾ ವರ್ಗಾವಣೆಯ ಕಾಗದ ಕೈಸೇರುವವರೆಗೆ ವಿತರಣೆಯ ದಿನಾಂಕ, ಪಡೆದವನ ಸಹಿ ಮತ್ತು ಗುರುತಿನ ಪತ್ರದ ಪ್ರತಿಯನ್ನು ಕಡತದಲ್ಲಿಟ್ಟುಕೊಳ್ಳತಕ್ಕದ್ದು.