ಪ್ರಳಯಕ್ಕೆ ಡೇಟ್ ಯಾಕೆ?

2019ರ ಆಗಸ್ಟ್‌ನಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪ ಕಪಿಲೆಯಲ್ಲಿ ಮುಳುಗಿತ್ತು. ಇಂಥ ನೆರೆ ಬಂದಾಗೆಲ್ಲ ‘ಪ್ರಳಯ ಬಂತು’ ಅನ್ನೋ ಫಾರ್ವರ್ಡುಗಳೂ ಉಕ್ಕಿ ಹರಿಯುತ್ತವೆ. ಕಾಲಜ್ಞಾನ, ಬೈಬಲ್, ಮಾಯನ್ ಕ್ಯಾಲೆಂಡರ್ ಎಲ್ಲಾ ಒಂದೇ ಮೆಸೇಜಿನಲ್ಲಿ!

ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯನ ಸುವಾರ್ತೆಯಲ್ಲಿ ಯೇಸುವೇ ಹೇಳಿರೋದು ಇದೆ. ಆದರೂ ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದ. ತಪ್ಪಿದಾಗ ಅಕ್ಟೋಬರ್ 21 ಅಂದ. ನಂಬಿದವರಲ್ಲಿ ಕೆಲವರು ಉಳಿತಾಯವನ್ನೇ ಕಳಕೊಂಡರು. ನಮ್ಮ ನ್ಯೂಟನ್ ಕೂಡ ಲೆಕ್ಕ ಹಾಕಿ, 2060ಕ್ಕೆ ಮೊದಲು ಅಂತ್ಯವಿಲ್ಲ ಅಂದಿದ್ದ. ಅವನ ಉದ್ದೇಶ ಡೇಟ್ ಕೊಡುವವರ ಬಾಯಿ ಮುಚ್ಚಿಸೋದಾಗಿತ್ತು.

ನಂಬಿಕೆಯನ್ನು ನಾವು ಗೇಲಿ ಮಾಡ್ತಿಲ್ಲ. ಅಂತ್ಯ ಯಾವಾಗಲಾದರೂ ಬರಬಹುದು ಅನ್ನುವವನು ಇವತ್ತು ನೆಟ್ಟಗೆ ಬದುಕೋಕೆ ನೋಡ್ತಾನೆ. ಡೇಟ್ ಕೊಡುವವನು ಭಯ ಹಂಚ್ತಾನೆ. ಕಬಿನಿ ಜಲಾಶಯದ ಹೊರಹರಿವಿಗಾದರೆ ಲೆಕ್ಕ ಇದೆ. ಇಷ್ಟು ಕ್ಯೂಸೆಕ್ ಬಿಟ್ಟರೆ ನಂಜನಗೂಡಿಗೆ, ಆಮೇಲೆ ಕಾವೇರಿ ಸೇರುವ ತಿ. ನರಸೀಪುರಕ್ಕೆ ನೀರು ಯಾವಾಗ ಮುಟ್ಟುತ್ತೆ ಅಂತ ಮೊದಲೇ ಅಂದಾಜು ಮಾಡಬಹುದು. ಫಾರ್ವರ್ಡ್ ಮಾಡಲೇಬೇಕಂದ್ರೆ, ನದಿದಂಡೆಯವರಿಗೆ ಆ ನಂಬರ್ ಕಳಿಸೋಣ.