ತೀರಿಹೋದ ಉಪ್ಪನ ಹೆಸರಿನಲ್ಲಿ ಇನ್ನೆಷ್ಟು ವರ್ಷ ತೀರ್ವೆ ಕಟ್ಟುವುದು?

ಕಳೆದ ಶುಕ್ರವಾರ ಜುಮಾ ಮುಗಿಸಿ ಹೊರಬಂದಾಗ ಅಂಗಳದಲ್ಲಿ ಅದೇ ಮಾತು: "ಪಿಎಂ ಕಿಸಾನ್ ದುಡ್ಡು ಊರಿಗೆಲ್ಲ ಬಂತು, ನಮ್ಮವರಿಗೆ ಮಾತ್ರ ಇಲ್ಲ." ಎಲ್ಲರೂ ಹೌದೆಂದರು. ನಾನೂ ಹೌದೆಂದೆ. ಮನೆಗೆ ಬಂದು ತೀರ್ವೆ ರಶೀದಿ ತೆಗೆದು ನೋಡಿದ ಮೇಲೆ ನಾಚಿಕೆಯಾಯಿತು.

ಮಂಜೇಶ್ವರ ತಾಲೂಕಿನ ನಮ್ಮ ತೋಟ ಈಗಲೂ ಉಪ್ಪನ ಹೆಸರಿನಲ್ಲಿದೆ. ಉಪ್ಪ ತೀರಿಹೋದದ್ದು 2021ರಲ್ಲಿ. ಅವರಿದ್ದಾಗ ನಾಲ್ಕು ತಿಂಗಳಿಗೊಮ್ಮೆ 2000 ರೂಪಾಯಿ ಬರುತ್ತಿತ್ತು. ಅವರು ಹೋದ ಮೇಲೆ ಅದು ನಿಂತಿತು, ತೋಟದ ಕೆಲಸ ನಿಲ್ಲಲಿಲ್ಲ. ಪಂಪು ಹಾಕುವವರು, ಅಡಿಕೆ ಹೆಕ್ಕಿ ಒಣಗಿಸುವವರು ಉಮ್ಮ ಮತ್ತು ಮದುವೆ ಮುರಿದು ಮನೆಗೆ ಬಂದ ನನ್ನ ತಂಗಿ. ಕಾಗದದಲ್ಲಿ ಇಬ್ಬರೂ ಇಲ್ಲ.

ಈ ಯೋಜನೆ ಕೆಲಸ ನೋಡುವುದಿಲ್ಲ, ಕಾಗದ ನೋಡುತ್ತದೆ. ಜಾಗದ ದಾಖಲೆಯಲ್ಲಿ ಹೆಸರಿರುವವರಿಗೆ ವರ್ಷಕ್ಕೆ 6000. ಬಾಯಿಮಾತಿನ ಗೇಣಿಯಲ್ಲಿ ಬೇರೆಯವರ ಗದ್ದೆ ಮಾಡುವ ಬಡವನಿಗೆ ಒಂದು ಪೈಸೆಯೂ ಇಲ್ಲ. ಇದು ಅನ್ಯಾಯ, ಸರಕಾರಕ್ಕೆ ಹೇಳಲೇಬೇಕು. ಆದರೆ ನಮ್ಮ ಉಮ್ಮಂದಿರ ದಾರಿಗೆ ಅಡ್ಡ ನಿಂತದ್ದು ಸರಕಾರವಲ್ಲ. 2019ರ ಫೆಬ್ರವರಿ 1ರ ನಂತರ ಜಾಗ ಕೊಂಡವರಿಗೆ ಈ ದುಡ್ಡಿಲ್ಲ ನಿಜ, ಯಜಮಾನ ತೀರಿಹೋಗಿ ವಾರಸುದಾರರಿಗೆ ಬಂದ ಜಾಗಕ್ಕೆ ಆ ತಡೆ ಇಲ್ಲ. ಅಡ್ಡ ನಿಂತವರು ನಾವು, ಗಂಡುಮಕ್ಕಳು.

ಯಾಕೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ವಾರಸು ಸರ್ಟಿಫಿಕೇಟು ಮಾಡಿಸಿದರೆ ಅದರಲ್ಲಿ ಅಕ್ಕತಂಗಿಯರ ಹೆಸರೂ ಬರುತ್ತದೆ. ಉಮ್ಮನಿಗೆ ಎಂಟರಲ್ಲೊಂದು ಪಾಲು, ಮಗನ ಎರಡು ಪಾಲಿಗೆ ಮಗಳಿಗೆ ಒಂದು ಎಂದು ವಅಳ್‌ನಲ್ಲಿ ಕೇಳಿ ತಲೆಯಾಡಿಸುತ್ತೇವೆ. ವಿಲ್ಲೇಜು ಆಫೀಸಿಗೆ ಹೋಗುವ ದಿನ ಮಾತ್ರ "ಮುಂದಿನ ರಜೆಗೆ ಅಣ್ಣ ಬರಲಿ, ನೋಡುವ" ಎನ್ನುತ್ತೇವೆ. ಅಣ್ಣ ಎಷ್ಟೋ ಸಲ ಬಂದು ಹೋದರು.

"ಹೆಸರು ಹಾಕಿದರೆ ಜಾಗ ಚೂರಾಗುತ್ತದೆ" ಎನ್ನುತ್ತಾರೆ. ಆಗುವುದಿಲ್ಲ. ಪೊಕ್ಕುವರವು ಮಾಡಿ ಎಲ್ಲರ ಹೆಸರನ್ನು ಜಂಟಿಯಾಗಿ ಬರೆಸಿದರೆ ಒಂದು ಬೇಲಿಯನ್ನೂ ಹಾಕಬೇಕಿಲ್ಲ. ಒಂದೇ ಜಾಗದಲ್ಲಿ ಬೇರೆ ಬೇರೆ ಕುಟುಂಬಗಳ ಹೆಸರಿದ್ದರೆ ಅರ್ಹವಾದ ಪ್ರತಿ ಕುಟುಂಬಕ್ಕೂ ಈ ದುಡ್ಡು ಬೇರೆಯಾಗಿಯೇ ಸಿಗುತ್ತದೆ. ಗಲ್ಫಿನಲ್ಲಿರುವ ಎನ್‌ಆರ್‌ಐ ಅಣ್ಣನಿಗೆ ಹೇಗೂ ಸಿಗುವಂತಿಲ್ಲ. ಹಾಗಾದರೆ ಉಮ್ಮನಿಗೆ ಸಿಕ್ಕಿದರೆ ಅವರಿಗೇನು ನಷ್ಟ?

"ಕಾಗದವೆಲ್ಲ ಮಲಯಾಳದಲ್ಲಿ" ಎನ್ನುತ್ತಾರೆ. ತೊಂದರೆ ನಿಜ. ಜಾಗ ಮಾರುವಾಗ ಮಾತ್ರ ಆ ಮಲಯಾಳ ನಮಗೆ ಅಡ್ಡ ಬರುವುದಿಲ್ಲ.

"ತಿಂಗಳಿಗೆ 500 ರೂಪಾಯಿ ಯಾವ ಲೆಕ್ಕ?" ಎನ್ನುತ್ತಾರೆ. ಮಗನ ಕೈ ನೋಡದೆ ಮದ್ದು ತರುವ ಹೆಂಗಸಿಗೆ ಅದು ಲೆಕ್ಕವೇ. ದುಡ್ಡಿಗಿಂತ ಹೆಸರು ದೊಡ್ಡದು. ಕೃಷಿ ಸಾಲಕ್ಕೆ ಹೋದರೂ ಕೃಷಿಭವನದ ಸಹಾಯಕ್ಕೆ ಹೋದರೂ ಮೊದಲು ಕೇಳುವುದು ತೀರ್ವೆ ರಶೀದಿಯನ್ನೇ.

ಒಂದು ಮಾತು ನೆನಪಿರಲಿ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ರದ್ದಾದಾಗ ನಮ್ಮ ಅಜ್ಜಂದಿರು ದಣಿಗಳ ಎದುರು ನಿಂತು, ಲ್ಯಾಂಡ್ ಟ್ರಿಬ್ಯೂನಲಿಗೆ ಅಲೆದು ತಮ್ಮ ಹೆಸರು ಬರೆಸಿಕೊಂಡರು. ದುಡಿದವನ ಹೆಸರು ಕಾಗದದಲ್ಲಿರಬೇಕು ಎಂಬುದೇ ಅವರ ವಾದ. ಆ ಕಾಗದ ಹಿಡಿದುಕೊಂಡು ನಾವು ಈಗ ಮನೆಯೊಳಗೇ ದಣಿಗಳಾಗಿದ್ದೇವೆ.

ಈ ವಾರ ನಿಮ್ಮ ಮನೆಯ ತೀರ್ವೆ ರಶೀದಿ ತೆಗೆದು ನೋಡಿ. ಅದರಲ್ಲಿರುವುದು ಮರ್ಹೂಂ ಆದವರ ಹೆಸರಾದರೆ ಸರಕಾರವನ್ನು ಬೈಯುವುದು ಸ್ವಲ್ಪ ತಡೆಯಿರಿ. ಮರಣ ಸರ್ಟಿಫಿಕೇಟು, ವಾರಸು ಸರ್ಟಿಫಿಕೇಟು, ಪೊಕ್ಕುವರವು, ಆಮೇಲೆ ಉಮ್ಮನ ಆಧಾರ್ ಸೇರಿಸಿದ ಬ್ಯಾಂಕ್ ಖಾತೆ ಮತ್ತು ಇ-ಕೆವೈಸಿ. ಕೆಲಸ ಇಷ್ಟೇ.

ನಾನು ಸೋಮವಾರ ಅರ್ಜಿ ಕೊಟ್ಟೆ, ತಂಗಿಯ ಹೆಸರೂ ಸೇರಿಸಿ. ಇಬ್ಬರು ಅಣ್ಣಂದಿರಿಗೂ ಫೋನ್ ಮಾಡಿ ಹೇಳಿದೆ. ಒಬ್ಬರು ಒಳ್ಳೆಯದಾಯಿತು ಎಂದರು. ಇನ್ನೊಬ್ಬರು ಅಂದಿನಿಂದ ನನ್ನ ಜತೆ ಮಾತಾಡುತ್ತಿಲ್ಲ.