ಢಕ್ಕೆಯ ಬೊಮ್ಮಣ್ಣನನ್ನೂ ಕಾಲೇಜಿನ ವೇದಿಕೆಯಿಂದ ಇಳಿಸುವಿರಾ?



ಕಳೆದ ತಿಂಗಳು ನಮ್ಮ ಭಾಗದ ಮಠವೊಂದರಲ್ಲಿ ಭಕ್ತರ ಸಭೆ ಸೇರಿತ್ತು. ಬಸವ ಜಯಂತಿಯ ಸಿದ್ಧತೆಗೆಂದು ಕರೆದಿದ್ದ ಸಭೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಿಂದ ಜನ ಬಂದಿದ್ದರು. ಮೆರವಣಿಗೆ, ಪ್ರಸಾದ, ಶಾಮಿಯಾನದ ಮಾತೆಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಜೇಬಿನಿಂದ ಒಂದು ಹಾಳೆ ತೆಗೆದು ಠರಾವು ಓದಿದರು. ಮುಂದಿನ ಎರಡು ತಿಂಗಳಲ್ಲಿ ನಮ್ಮ ಕಾಲೇಜುಗಳಲ್ಲಿ ನಡೆಯಲಿರುವ ವಾರ್ಷಿಕೋತ್ಸವಗಳಲ್ಲಿ ಸಿನಿಮಾ ಹಾಡು, ಕುಣಿತ ಇರಕೂಡದು; ನಮ್ಮ ಸಮಾಜದ ಹೆಣ್ಣುಮಕ್ಕಳನ್ನು ಕುಣಿಯಲು ವೇದಿಕೆಗೆ ಹತ್ತಿಸಕೂಡದು; ಬೇಕಿದ್ದರೆ ವಚನ ಗಾಯನವೊಂದು ಇರಲಿ; ಈ ಬಗ್ಗೆ ಪ್ರಾಂಶುಪಾಲರುಗಳಿಗೆ ಮಠದ ಕಡೆಯಿಂದ ಪತ್ರ ಹೋಗಲಿ. ಚಪ್ಪಾಳೆ ಬಿತ್ತು. ಒಪ್ಪಿದವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ನಾನೂ ಎತ್ತಿದೆ.

ಎತ್ತಿದ್ದು ತಪ್ಪಾಯಿತು ಎಂದು ಹೇಳುವುದಕ್ಕೇ ಈ ಬರಹ. ಆ ಪತ್ರ ಇನ್ನೂ ಹೋಗಿಲ್ಲ. ಹೋಗಬಾರದು ಎಂಬುದು ನನ್ನ ವಾದ.

ಸಭೆ ಮುಗಿದ ಎರಡನೇ ದಿನ ನನಗೆ ತಿಳಿದುಬಂತು, ಆ ಠರಾವು ಹುಟ್ಟಿದ್ದು ಮೊಬೈಲಿನಲ್ಲಿ ಓಡಾಡಿದ ಒಂದು ವಿಡಿಯೋದಿಂದ ಎಂದು. ಕೊರಟಗೆರೆ ಕಡೆಯ ಹಳ್ಳಿಯ ಹುಡುಗಿ, ಎರಡನೇ ವರ್ಷದ ಬಿ.ಎ. ಕಾಲೇಜಿನ ಕಾರ್ಯಕ್ರಮದಲ್ಲಿ ಆರು ಜನ ಗೆಳತಿಯರ ಜೊತೆ ಒಂದು ಹಾಡಿಗೆ ಕುಣಿದಿದ್ದಾಳೆ. ಮೈತುಂಬ ಸೀರೆ ಉಟ್ಟೇ ಕುಣಿದಿದ್ದಾಳೆ; ಹಾಗೆ ಉಡದಿದ್ದರೂ ನನ್ನ ವಾದ ಬದಲಾಗುತ್ತಿರಲಿಲ್ಲ, ಆ ಮಾತು ಬೇರೆ. ಯಾರೋ ಅದನ್ನು ಹಿಡಿದು, ಸಮಾಜದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ 'ನಮ್ಮ ಮನೆತನದ ಮಾನ' ಎಂದು ಬರೆದಿದ್ದಾರೆ. ದೊಡ್ಡಪ್ಪಂದಿರು ಸೇರಿ ಕಾಲೇಜು ಬಿಡಿಸಿದ್ದಾರೆ. ಇದೇ ಹುಡುಗಿ ಹೈಸ್ಕೂಲಿನಲ್ಲಿದ್ದಾಗ ನಮ್ಮ ಮಠದ ವಚನ ಗಾಯನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವಳು. ಬಹುಮಾನದ ಪುಸ್ತಕ ಕೊಟ್ಟದ್ದು ನಾನೇ. ಅವಳ ಕೊರಳಿಗೆ ಅಂದು ಚಪ್ಪಾಳೆ ತಟ್ಟಿದವರೇ ಇಂದು ಅವಳ ಕಾಲಿಗೆ ಸಂಕೋಲೆ ತೊಡಿಸಿದ್ದಾರೆ. ಅವರಲ್ಲಿ ನಾನೂ ಒಬ್ಬ, ಗೊತ್ತಿಲ್ಲದೆ ಎತ್ತಿದ ಕೈಯವನು.

ಈಗ ಠರಾವಿನ ಒಳಗಿನ ಮಾತಿಗೆ ಬರೋಣ. ಹಾಡು, ಕುಣಿತ, ವೇಷ ಇವು ಲಿಂಗಾಯತ ಧರ್ಮಕ್ಕೆ ಹೊರಗಿನವು, ಮಕ್ಕಳನ್ನು ಕೆಡಿಸುವಂಥವು ಎಂಬ ಭಾವನೆ ಅದರ ಬುಡದಲ್ಲಿದೆ. ಹಾಗಾದರೆ ಬಹುರೂಪಿ ಚೌಡಯ್ಯ ಯಾರು? ಮನೆಮನೆಗೆ, ಬೀದಿಬೀದಿಗೆ ಹೋಗಿ ವೇಷ ಹಾಕಿ ಆಡಿ ತೋರಿಸುವುದೇ ಆತನ ಕಾಯಕವಾಗಿತ್ತು. ಆ ವೇಷದ ಮಾತಿನಲ್ಲೇ ಆತ 'ರೇಕಣ್ಣಪ್ರಿಯ ನಾಗಿನಾಥ' ಎಂಬ ಅಂಕಿತದಲ್ಲಿ ವಚನ ಬರೆದ. ಕಲಕೇತಯ್ಯ ಯಾರು? ವೇಷ ಕಟ್ಟಿ ಜನರನ್ನು ರಂಜಿಸುತ್ತಿದ್ದವನು. ನಗೆಯ ಮಾರಿತಂದೆಗೆ ಹೆಸರು ಬಂದದ್ದೇ ನಗಿಸುವ ಕಾಯಕದಿಂದ. ಕಿನ್ನರಿ ಬೊಮ್ಮಯ್ಯ ಕಿನ್ನರಿ ನುಡಿಸುತ್ತಿದ್ದ. ಇನ್ನು ಢಕ್ಕೆಯ ಬೊಮ್ಮಣ್ಣ. ಮಾರಿದೇವತೆಯನ್ನು ತಲೆಯ ಮೇಲೆ ಹೊತ್ತು ಢಕ್ಕೆ ಬಾರಿಸುತ್ತ ಊರು ತಿರುಗುವುದು ಆತನ ಹೊಟ್ಟೆಪಾಡು. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ ಕಂಡ ನಮಗೆ ಆ ದೃಶ್ಯ ಕಣ್ಣಿಗೆ ಕಟ್ಟಲು ಕಷ್ಟವೇನಿಲ್ಲ. ಈ ಕುಣಿಯುವ, ಬಾರಿಸುವ, ನಗಿಸುವ ಜನರನ್ನು ಶರಣರು ಮೊದಲು ಕೆಲಸ ಬಿಟ್ಟು ಬನ್ನಿ ಎಂದು ಬಾಗಿಲಲ್ಲಿ ನಿಲ್ಲಿಸಲಿಲ್ಲ. ವೇಷವನ್ನೂ ಢಕ್ಕೆಯನ್ನೂ ಹೊತ್ತುಕೊಂಡೇ ಅವರು ಅನುಭವದ ಸಾಲಿನಲ್ಲಿ ಕೂತರು. ರಾಜನ ಭಂಡಾರಿಗೆ ಸಿಕ್ಕಿದ ಆಸನವೇ ಬೀದಿಯ ಬಹುರೂಪಿಗೂ ಸಿಕ್ಕಿತು.

"ಅಂದಿನ ಕಲೆ ಬೇರೆ ಸ್ವಾಮಿ, ಇಂದಿನ ಐಟಂ ಸಾಂಗು ಬೇರೆ" ಎಂದು ನೀವು ಹೇಳುತ್ತೀರಿ. ಸಭೆಯಲ್ಲೂ ಒಬ್ಬರು ಹಾಗೇ ಹೇಳಿದರು. ಇರಬಹುದು. ಆದರೆ ಅಂದೂ ಬಹುರೂಪಿಯ ಆಟವನ್ನು ಮೇಲಿನವರು ಕೀಳೆಂದೇ ಎಣಿಸುತ್ತಿದ್ದರು. ಇಂದು ನಾವು ಪಂಪ್‌ಸೆಟ್ಟಿನ ಮನೆಯಿಂದ ಪೆಟ್ರೋಲ್ ಬಂಕಿನವರೆಗೆ ಬೆಳೆದು ಮೇಲಿನವರಾಗಿದ್ದೇವೆ, ಅಷ್ಟೇ ವ್ಯತ್ಯಾಸ.

ಸಿನಿಮಾ ಎಂದರೆ ಮೂಗು ಮುರಿಯುವವರು ನಮ್ಮ ಜಿಲ್ಲೆಯ ಚರಿತ್ರೆಯನ್ನಾದರೂ ನೆನೆಯಬೇಕು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಗೆ ಆ ಊರಿನ ಚನ್ನಬಸವೇಶ್ವರನ ಹೆಸರನ್ನೇ ಇಟ್ಟರು. ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ಇಡೀ ದಕ್ಷಿಣ ಭಾರತ ಸುತ್ತಿದರು. ಅವರ ರಂಗದ ಮೇಲೆ ಸುಂದರಮ್ಮ, ಬಿ. ಜಯಮ್ಮ ಮುಂತಾದ ಹೆಣ್ಣುಮಕ್ಕಳು ಹಾಡಿದರು, ಅಭಿನಯಿಸಿದರು. 1954ರಲ್ಲಿ ತೆರೆಗೆ ಬಂದ 'ಬೇಡರ ಕಣ್ಣಪ್ಪ'ದ ಹಿಂದೆ ಇದ್ದದ್ದು ಇದೇ ಗುಬ್ಬಿಯವರು. ರಾಜಕುಮಾರ್ ನಾಯಕನಾದ ಮೊದಲ ಚಿತ್ರ ಅದು. ಯಾರ ಕಥೆ? ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡನ ಕಥೆ. 1959ರಲ್ಲಿ ಹೊನ್ನಪ್ಪ ಭಾಗವತರ್ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಬಸವಣ್ಣನಾಗಿ ನಿಂತಾಗ ಟೆಂಟಿನಲ್ಲಿ ಕೈ ಮುಗಿದು ಕುಳಿತ ಹಿರಿಯರನ್ನು ನಮ್ಮ ಮನೆಗಳಲ್ಲಿ ಇಂದಿಗೂ ನೆನೆಯುತ್ತಾರೆ. ಪ್ರವಚನಕ್ಕೆ ಬಾರದ ಎಷ್ಟೋ ಜನಕ್ಕೆ ಬಸವಣ್ಣನನ್ನು ಮುಟ್ಟಿಸಿದ್ದು ಸಿನಿಮಾ.

ಗದುಗಿನ ಪುಟ್ಟರಾಜ ಗವಾಯಿಗಳನ್ನು ನೆನೆಯಿರಿ. ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟಕ್ಕೆ ದಾರಿ ಕಾಣದಾದಾಗ ಅವರು ಕಟ್ಟಿದ್ದು ನಾಟಕ ಕಂಪನಿ. ಹಾರ್ಮೋನಿಯಂ, ಬಣ್ಣ, ಪರದೆ, ಪಾತ್ರಧಾರಿಗಳ ದುಡಿಮೆಯಿಂದ ಆಶ್ರಮದ ಒಲೆ ಉರಿಯಿತು. ದಾಸೋಹಕ್ಕೆ ಅಕ್ಕಿ ರಂಗದ ಮೇಲಿಂದ ಬಂತು. ಹತ್ತಿರದ ಸಾಣೇಹಳ್ಳಿಯನ್ನಾದರೂ ನೋಡಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಕಟ್ಟಿದ ಶಿವಸಂಚಾರ 1997ರಿಂದ ನಾಡಿನ ಊರೂರಿಗೆ ನಾಟಕ ಹೊತ್ತು ತಿರುಗುತ್ತಿದೆ. ಅದರಲ್ಲಿ ಹೆಣ್ಣುಮಕ್ಕಳೂ ಬಣ್ಣ ಹಚ್ಚುತ್ತಾರೆ. 2019ರ ಆಗಸ್ಟಿನಲ್ಲಿ 'ಮತ್ತೆ ಕಲ್ಯಾಣ' ಜಿಲ್ಲೆಜಿಲ್ಲೆಗೆ ಹೋದಾಗ ವಿದ್ಯಾರ್ಥಿಗಳ ಜೊತೆ ಸಂವಾದ ಒಂದು ಹೊತ್ತು, ಸಂಜೆಗೆ ನಾಟಕ. ನಮ್ಮ ಠರಾವು ಓದಿದ ಹಿರಿಯರೂ ಅಂದು ಜೊತೆಗೇ ಕೂತು ನೋಡಿದ್ದರು. ಮಠದ ಮುಂದೆ ಆಡಿದರೆ ಸಂಸ್ಕೃತಿ, ಕಾಲೇಜಿನಲ್ಲಿ ಆಡಿದರೆ ವಿಕೃತಿಯೇ?

ಪಾವಗಡದ ಬಂಧುಗಳೊಬ್ಬರ ತಕರಾರು ಬೇರೆ ಇತ್ತು. ಅಲ್ಲಿನ ಕಾಲೇಜುಗಳಲ್ಲಿ ತೆಲುಗು ಹಾಡುಗಳೇ ಹೆಚ್ಚು, ಅದನ್ನಾದರೂ ನಿಲ್ಲಿಸಬೇಕು ಎಂದರು. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಅದು; ಮನೆಯ ಮಾತೇ ತೆಲುಗಾಗಿರುವ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ ಬಂದಿರುತ್ತಾರೆ. ಕನ್ನಡ ಹಾಡು ಹೆಚ್ಚಲಿ, ನನಗೂ ಆಸೆಯಿದೆ. ಆದರೆ ಬಸವಣ್ಣನ ಹೆಸರಿನಲ್ಲಿ ತೆಲುಗನ್ನು ಹೊರಹಾಕುವ ಮುನ್ನ ಒಂದು ಸಂಗತಿ ತಿಳಿದಿರಲಿ. ಪಾಲ್ಕುರಿಕೆ ಸೋಮನಾಥ ಬಸವಪುರಾಣವನ್ನು ಬರೆದದ್ದು ತೆಲುಗಿನಲ್ಲಿ. ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ನಾವು ಪುರಾಣ ಹಚ್ಚಿಸಿ ತಿಂಗಳುಗಟ್ಟಲೆ ಕೇಳುವ ಕಥೆ ಗಡಿ ದಾಟಿ ಬಂದದ್ದು.

ಇಷ್ಟು ಹೇಳಿದ ಮಾತ್ರಕ್ಕೆ ಕಾಲೇಜುಗಳಲ್ಲಿ ನಡೆಯುವುದೆಲ್ಲ ಚೆನ್ನಾಗಿದೆ ಎಂದು ನಾನು ಒಪ್ಪಿದೆನೆಂದು ತಿಳಿಯಬೇಡಿ. ನನ್ನ ಸಿಟ್ಟು ಬೇರೆ ಕಡೆಗಿದೆ, ಠರಾವು ಆ ಕಡೆ ಕಣ್ಣೆತ್ತಿಯೂ ನೋಡಿಲ್ಲ.

ಮೊದಲನೆಯದು ದುಡ್ಡು. ನಮ್ಮ ನಾಲ್ಕು ತಾಲ್ಲೂಕಿನ ಕಾಲೇಜುಗಳಿಗೆ ಬರುವ ಹುಡುಗ ಹುಡುಗಿಯರು ಮಳೆಯನ್ನೇ ನಂಬಿ ಕಡಲೆಕಾಯಿ ಹಾಕುವವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು, ಬಸ್ ಪಾಸಿನ ಮಕ್ಕಳು. ಅವರಿಂದ ಕಡ್ಡಾಯವಾಗಿ ವಂತಿಗೆ ಎತ್ತಿ, ಎದೆ ನಡುಗುವ ಡಿಜೆ ತರಿಸಿ, ಎರಡು ಗಂಟೆ ಕಿವಿ ಕಿವುಡಾಗಿಸುವುದು ಯಾವ ಸಂಸ್ಕೃತಿ? 'ಎಥ್ನಿಕ್ ಡೇ' ಎಂದು ಒಂದು ದಿನ. ರೇಷ್ಮೆ ಸೀರೆ ಇದ್ದವಳು ಫೋಟೋದ ಮುಂದಿನ ಸಾಲಿಗೆ, ಇಲ್ಲದವಳು ಅಂದು ಕಾಲೇಜಿಗೇ ರಜೆ. ನನಗೆ ಒಬ್ಬ ಹುಡುಗಿ ಹೇಳಿದ್ದಳು, "ಅವತ್ತು ಹೊಟ್ಟೆನೋವು ಅಂತ ಬರ್ಲಿಲ್ಲ ಸಾರ್" ಎಂದು. ಆ ಹೊಟ್ಟೆನೋವು ಎಷ್ಟು ಜನಕ್ಕೆ ಬರುತ್ತದೆಂದು ಯಾರಾದರೂ ಎಣಿಸಿದ್ದಾರೆಯೇ?

ಎರಡನೆಯದು ಹೊತ್ತು. ಹನ್ನೊಂದಕ್ಕೆ ಶುರುವಾಗಬೇಕಾದ್ದು ಅತಿಥಿಗಳು ಬರದೆ ಎರಡು ಗಂಟೆಗೆ ಶುರು. ಶಾಸಕರ ಭಾಷಣ, ಸನ್ಮಾನ, ಶಾಲು, ಹಾರ, ಪೇಟ. ಮಕ್ಕಳು ಕುಣಿಯುವ ಹೊತ್ತಿಗೆ ಸಂಜೆ ಐದು. ಹಳ್ಳಿಯ ಕಡೆಯ ಬಸ್ಸು ಹೊರಟುಹೋಗಿರುತ್ತದೆ. ಕತ್ತಲಲ್ಲಿ ಆಟೋ ಕಾಯುತ್ತಾ ನಿಂತ ಹೆಣ್ಣುಮಕ್ಕಳ ಬಗ್ಗೆ ನಮ್ಮ ಮಾನವಂತರು ಒಂದು ಠರಾವು ಮಾಡಲಿಲ್ಲ.

ಮೂರನೆಯದು, ನನಗೆ ಎಲ್ಲಕ್ಕಿಂತ ನೋವಿನದು. ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಊದುತ್ತಾ ಜುಂಜಪ್ಪನ ಕಾವ್ಯ ಹಾಡುವವರು ಇನ್ನೂ ಇದ್ದಾರೆ. ಉರುಮೆ ಬಾರಿಸುವವರು ಇದ್ದಾರೆ. ತಮಟೆಯವರು ಇದ್ದಾರೆ. ಅವರ ಮಕ್ಕಳು ಇದೇ ಕಾಲೇಜುಗಳಲ್ಲಿ ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ. ಒಂದು ಕಾಲೇಜಿನಲ್ಲಿ ದಲಿತ ಕೇರಿಯ ಹುಡುಗನೊಬ್ಬ ತಮಟೆ ತಂದು ವೇದಿಕೆಯ ಮೇಲೆ ಬಾರಿಸುತ್ತೇನೆಂದಾಗ "ಅದೇನು ಸಾವಿನ ಮನೆಯೇ" ಎಂದು ಕೇಳಿ ನಕ್ಕವರಲ್ಲಿ ವಿಭೂತಿ ಹಚ್ಚಿದ ನಮ್ಮ ಹುಡುಗರೂ ಇದ್ದರು. ನಮ್ಮದೇ ಮಠದ ಉತ್ಸವದಲ್ಲಿ ತಮಟೆ ಮುಂದೆ ಇರಬೇಕು, ಪ್ರಸಾದದ ಹೊತ್ತಿಗೆ ತಮಟೆಯವನು ಹಿಂದೆ ಇರಬೇಕು. ಮಾದಾರ ಚೆನ್ನಯ್ಯನ ಮನೆಮಗ ನಾನು ಎಂದುಕೊಂಡ ಬಸವಣ್ಣನ ಅನುಯಾಯಿಗಳ ಊರಿದು. ಠರಾವು ಬೇಕಿದ್ದದ್ದು ಇದರ ಮೇಲೆ.

ಇನ್ನು ಡಿಜೆ ಎಂದರೆ ಕೆಂಡವಾಗುವ ಹಿರಿಯರೇ, ಹೋದ ವರ್ಷ ನಮ್ಮದೇ ಭಾಗದ ಊರೊಂದರಲ್ಲಿ ಬಸವ ಜಯಂತಿ ಮೆರವಣಿಗೆಯಲ್ಲಿ ಬಸವಣ್ಣನ ಭಾವಚಿತ್ರದ ಹಿಂದೆ ಬಂದದ್ದು ಏನು? ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರುಗಳು, ಅದರ ಮುಂದೆ ಕುಡಿದು ಕುಣಿದ ನಮ್ಮ ಗಂಡುಮಕ್ಕಳು. ಹಾಡು ಯಾವುದೆಂದು ಇಲ್ಲಿ ಬರೆಯಲಾರೆ. ಅದರ ವಿಡಿಯೋವನ್ನೂ ಯಾರೋ ಗುಂಪಿಗೆ ಹಾಕಿದ್ದರು. ಕೆಳಗೆ ಬಂದದ್ದು ಬೆಂಕಿಯ ಚಿತ್ರ, ಚಪ್ಪಾಳೆಯ ಚಿತ್ರ. ಯಾರ ಮಾನವೂ ಹೋಗಲಿಲ್ಲ. ಯಾವ ಹುಡುಗನನ್ನೂ ಕಾಲೇಜು ಬಿಡಿಸಲಿಲ್ಲ. ಹಾಗಾದರೆ ನಿಮಗೆ ಬೇಡವಾದದ್ದು ಕುಣಿತವಲ್ಲ, ಕುಣಿಯುವ ಹೆಣ್ಣು. ಇದನ್ನು ಬಾಯಿಬಿಟ್ಟು ಹೇಳಿಬಿಡಿ. ಆದರೆ ಅದಕ್ಕೆ ಬಸವಣ್ಣನ ಹೆಸರು, ಅಕ್ಕನ ಹೆಸರು ಸೇರಿಸಬೇಡಿ. ಮನೆ, ಅರಮನೆ ಎರಡನ್ನೂ ದಾಟಿ ಒಬ್ಬಳೇ ಕಲ್ಯಾಣಕ್ಕೆ ನಡೆದು ಬಂದವಳ ಹೆಸರನ್ನು ಹುಡುಗಿಯರನ್ನು ಮನೆಯಲ್ಲಿ ಕೂರಿಸಲು ಬಳಸುವುದಾದರೆ, ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ನನಗೆ ತೋಚುವುದಿಲ್ಲ.

ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಸರ್ಕಾರ ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಟ್ಟು ಕಟ್ಟಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಾವು ಎಷ್ಟನೇ ಸ್ಥಾನ ಎಂದು ಪತ್ರಿಕೆ ಹುಡುಕುತ್ತೇವೆ. ಹುಡುಗಿಯರು ಮುಂದೆ ಎಂದು ಓದಿ ಬೀಗುತ್ತೇವೆ. ಅವರಲ್ಲಿ ಎಷ್ಟು ಜನ ಪದವಿ ಮುಗಿಸುತ್ತಾರೆ, ಎಷ್ಟು ಜನಕ್ಕೆ ನಡುವೆಯೇ ತಾಳಿ ಬೀಳುತ್ತದೆ ಎಂಬುದು ಊರಿನಲ್ಲಿ ಇರುವ ನಮಗೆ ಗೊತ್ತು. ಅಪ್ಪಂದಿರಿಗೆ ಕಾಲೇಜು ಬಿಡಿಸಲು ಒಂದು ನೆವ ಬೇಕಾಗಿರುತ್ತದೆ. ಮಠದ ಮೊಹರು ಬಿದ್ದ ಪತ್ರಕ್ಕಿಂತ ಒಳ್ಳೆಯ ನೆವ ಇನ್ನೇನು ಸಿಕ್ಕೀತು? "ಬುದ್ಧಿಯವರೇ ಬೇಡ ಅಂದವ್ರೆ" ಎಂದರೆ ಆಯಿತು, ತಾಯಿಯ ಬಾಯಿಯೂ ಕಟ್ಟಿತು. ನಿಜವಾಗಿ ಬುದ್ಧಿಯವರು ಆ ಸಭೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಹಾಗಾಗಿ ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಆ ಪತ್ರವನ್ನು ತಡೆಯಬೇಕು. ಅದರ ಬದಲು ಕಾಲೇಜುಗಳಿಗೆ ಬೇರೆ ಪತ್ರ ಹೋಗಲಿ. ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಮೂರೂವರೆಗೆ ಮುಗಿಯಲಿ, ಕಡ್ಡಾಯ ವಂತಿಗೆ ಬೇಡ, ಅಂದಿನ ಮಧ್ಯಾಹ್ನದ ಪ್ರಸಾದ ಮಠದ್ದು ಎಂದು ಬರೆಯಲಿ. ಡಿಜೆಯ ದುಡ್ಡಿನಲ್ಲಿ ಒಬ್ಬ ಗಣೆಯವರನ್ನೋ ಉರುಮೆಯವರನ್ನೋ ಕರೆಸಿ ಗೌರವಧನ ಕೊಡಲಿ. ಪೆನ್‌ಡ್ರೈವ್ ಹಾಡಿಗೆ ಬಾಯಿ ಆಡಿಸುವ ಬದಲು ಮಕ್ಕಳು ತಾವೇ ಹಾಡಲಿ; ಸಿನಿಮಾ ಹಾಡಾದರೂ ಸರಿ, ವಚನವಾದರೂ ಸರಿ, ಆಯ್ಕೆ ಅವರದು. ಯಾವ ಹೆಣ್ಣುಮಗಳ ವಿಡಿಯೋವನ್ನೂ ಅವಳನ್ನು ಕೇಳದೆ ಹೊರಗೆ ಬಿಡಬಾರದೆಂಬ ಒಂದು ಸಾಲು ದಪ್ಪ ಅಕ್ಷರದಲ್ಲಿರಲಿ. ಮಠದ ಸಭಾಂಗಣ ವರ್ಷದಲ್ಲಿ ಬಹುಪಾಲು ಮದುವೆ ಇಲ್ಲದ ದಿನ ಬೀಗ ಹಾಕಿಕೊಂಡೇ ಇರುತ್ತದೆ. ತಾಲೀಮಿಗೆ ಆ ಬೀಗ ತೆಗೆಯಬಹುದು.

ಆ ಹುಡುಗಿಯ ಮನೆಗೆ ಬರುವ ಸೋಮವಾರ ನಾನು ಹೋಗುತ್ತಿದ್ದೇನೆ. ಅವಳ ದೊಡ್ಡಪ್ಪಂದಿರು ನನಗೆ ಬಲ್ಲವರು. ಮನೆಯೊಳಗೆ ಕರೆಯುತ್ತಾರೋ, ಜಗುಲಿಯಿಂದಲೇ ಕಳಿಸುತ್ತಾರೋ ನೋಡಬೇಕು. ಪರೀಕ್ಷೆಗೆ ಶುಲ್ಕ ಕಟ್ಟಲು ಇನ್ನೂ ಹನ್ನೆರಡು ದಿನವಿದೆ ಎಂದು ಕಾಲೇಜಿನಲ್ಲಿ ವಿಚಾರಿಸಿಕೊಂಡು ಬಂದಿದ್ದೇನೆ. ಅಂದು ಸಭೆಯಲ್ಲಿ ನನ್ನ ಜೊತೆ ಕೈ ಎತ್ತಿದವರಲ್ಲಿ ಯಾರಿಗಾದರೂ ಬರುವ ಮನಸ್ಸಿದ್ದರೆ ಬೆಳಿಗ್ಗೆ ಎಂಟೂವರೆಗೆ ಕೊರಟಗೆರೆ ಬಸ್ ನಿಲ್ದಾಣದಲ್ಲಿ ಸಿಗುತ್ತೇನೆ.